ಅಜ್ಜನ ಸಿಟ್ಟು

ನಾಲ್ಕು ವರ್ಷ ನಮ್ಮಜ್ಜಿ ತನ್ನ ಗಂಡ ತನ್ನ ಮೇಲೆ ಸಿಟ್ಟಾಗಿದ್ದಾನೆ ಎಂದೇ ತಿಳಿದಿದ್ದಳು. ಕರ್ಜಗಿಯ ಮನೆಯ ಕಟ್ಟೆಯ ಮೇಲೆ ಅಜ್ಜ ಕೂತಿರುತ್ತಿದ್ದ. ಚಹಾ ತಂದುಕೊಟ್ಟರೆ ನಗುತ್ತಿರಲಿಲ್ಲ, ಸಾರಿಗೆ ಉಪ್ಪು ಹೆಚ್ಚಾದರೆ ಬೈಯುತ್ತಲೂ ಇರಲಿಲ್ಲ. "ಬೈದಿದ್ರರ ಚಲೋ ಇತ್ತು. ಮಾರಿ ಕಲ್ಲ ಮಾಡ್ಕೊಂಡು ಕುಂದರತಾರ" ಎಂದು ಅವ್ವನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಲ ಪಾಲಾದಾಗಿನ ಜಗಳದಲ್ಲಿ ತಾನಾಡಿದ ಒಂದು ಮಾತನ್ನು ಅವನಿನ್ನೂ ಮರೆತಿಲ್ಲ ಎಂಬುದು ಆಕೆಯ ಲೆಕ್ಕ.

2016ರಲ್ಲಿ ಹುಬ್ಬಳ್ಳಿಯ ನರರೋಗ ತಜ್ಞರೊಬ್ಬರು ಅಜ್ಜನ ಕೈ ಹಿಡಿದು ನೋಡಿ, ಬೆರಳು ಬಡಿಸಿ, ನಾಲ್ಕು ಹೆಜ್ಜೆ ನಡೆಸಿ, ಪಾರ್ಕಿನ್ಸನ್ ರೋಗ ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಇವರೇನು ಸಿಟ್ಟಾಗಿಲ್ರಿ ಅಮ್ಮಾ, ಮಾರಿ ಇವರ ಮಾತು ಕೇಳವಲ್ದು" ಎಂದರು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

ಕರ್ಜಗಿ ಅವ್ವನ ತವರು. ನಾನು ಹುಟ್ಟಿ ಬೆಳೆದದ್ದೂ ಅಲ್ಲೇ. ಆಗ ಬಿ.ಎಸ್ಸಿ. ಓದುತ್ತಿದ್ದ ನಾನು ಈಗ ಪಿಎಚ್.ಡಿ.ಗಾಗಿ ಅದೇ ರೋಗದ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದೇನೆ. "ಅದನ್ನ ಓದಿ ಏನ್ ಮಾಡ್ತಿ?" ಎಂದು ಅವ್ವ ಆಗಾಗ ಕೇಳುತ್ತಾಳೆ. ಇದು ನನ್ನನ್ನು ಹಂಗಿಸುವ ಮಾತಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುವ ಮಾತು.

ರೋಗ ಶುರುವಾದದ್ದು 2016ರಲ್ಲಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲೇ ಒಗ್ಗರಣೆ ಸೀದರೂ ಅಜ್ಜನಿಗೆ ವಾಸನೆ ಬರುತ್ತಿರಲಿಲ್ಲ. ಆದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದರೆ ಎಲ್ಲರಂತೆ ಸೀನುತ್ತಿದ್ದ. ಹಾಗಾಗಿ ಮೂಗಿಗೆ ಏನೋ ಆಗಿದೆ ಎಂದು ಯಾರಿಗೂ ಅನಿಸಲಿಲ್ಲ. ವಾಸನೆ ಹಿಡಿಯುವ ನರವೇ ಬೇರೆ, ಘಾಟು ಹಿಡಿಯುವ ನರವೇ ಬೇರೆ. ರಾತ್ರಿ ನಿದ್ದೆಯಲ್ಲಿ ಎತ್ತು ಹೊಡೆಯುವವನಂತೆ ಕೂಗಿ ಕಾಲು ಝಾಡಿಸುತ್ತಿದ್ದ. ಕನಸು ಕಾಣುವಾಗ ಮಿದುಳು ನಮ್ಮ ಕೈಕಾಲುಗಳನ್ನು ಕಟ್ಟಿಹಾಕಿರುತ್ತದೆ. ಅಜ್ಜನಲ್ಲಿ ಆ ಕಟ್ಟು ಸಡಿಲಾಗಿತ್ತು. ಮನೆಯವರು ಅದನ್ನು ಕಾರಹುಣ್ಣಿಮೆಯ ಕನಸು ಎನ್ನುತ್ತಿದ್ದರು.

ಮಿದುಳಿನ ಬುಡದ ಹತ್ತಿರ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಿದೆ. ಅಲ್ಲಿನ ಕೋಶಗಳು ತಯಾರಿಸುವ ಡೋಪಮೈನ್ ಇದ್ದರೆ ಮಾತ್ರ ನಗು, ನಡಿಗೆ, ಬರವಣಿಗೆ ಸರಾಗ. ಕೈ ನಡುಗುವ ಹೊತ್ತಿಗೆ ಅವುಗಳಲ್ಲಿ ಸುಮಾರು ಅರ್ಧ ಸತ್ತಿರುತ್ತವೆ. ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವಿವರಿಸಿದ್ದು 1817ರಲ್ಲಿ. ರೋಗಿಗಳ ನರಕೋಶದೊಳಗಿನ ಗಂಟುಗಳನ್ನು ಫ್ರಿಟ್ಜ್ ಲೆವಿ ಗುರುತಿಸಿದ್ದು 1912ರಲ್ಲಿ. ಆ ಗಂಟು ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನದು ಎಂದು ತಿಳಿದದ್ದು 1997ರಲ್ಲಿ.

140 ಅಮೈನೋ ಆಮ್ಲಗಳ ಈ ಸಣ್ಣ ಪ್ರೋಟೀನು ನಮ್ಮೆಲ್ಲರ ಮಿದುಳಿನಲ್ಲೂ ಇದೆ, ಹಾಲಿನಂತೆ ಹರಿದಾಡಿಕೊಂಡು. ಅದರಲ್ಲಿ ಕೆಲವು ತಪ್ಪಾಗಿ ಮಡಚಿಕೊಂಡರೆ ಹೆಪ್ಪಾಗುತ್ತವೆ. ಹಾಲಿಗೆ ಹಾಕಿದ ಹೆಪ್ಪಿನಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಇಲ್ಲಿ ಯಾವ ಜೀವಿಯೂ ಇಲ್ಲ, ಕೆಟ್ಟ ಪ್ರೋಟೀನೇ ಪಕ್ಕದ ಒಳ್ಳೆಯದನ್ನು ತನ್ನಂತೆ ಮಡಚುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ ಇದು. ಆದರೆ ಒಂದೇ ಮಿದುಳಿನೊಳಗೆ ಕೋಶದಿಂದ ಕೋಶಕ್ಕೆ ಹಬ್ಬುತ್ತದೆ ಎನ್ನಲು ಗಟ್ಟಿ ಕಾರಣಗಳಿವೆ. ರೋಗಿಗಳ ಮಿದುಳಿಗೆ ಹತ್ತು ವರ್ಷಕ್ಕೂ ಹಿಂದೆ ಕಸಿ ಮಾಡಿದ್ದ ಎಳೆಯ ನರಕೋಶಗಳಲ್ಲೂ ಅದೇ ಗಂಟುಗಳಿದ್ದುದು 2008ರಲ್ಲಿ ವರದಿಯಾಯಿತು. ಹೆಪ್ಪು ಪಕ್ಕದಿಂದಲೇ ಬಂದಿರಬೇಕು.

ಅಜ್ಜನಿಗೆ ಕೊಟ್ಟ ಗುಳಿಗೆ ಲೆವೊಡೋಪಾ. ಮಿದುಳು ಅದನ್ನು ಡೋಪಮೈನ್ ಮಾಡಿಕೊಳ್ಳುತ್ತದೆ. ನಮ್ಮ ಹೊಲದ ಬೇಲಿಯ ಮೇಲೆ ಹಬ್ಬಿ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಅದೇ ವಸ್ತುವಿದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಹಾಗೆಂದು ಬೇಲಿಯ ಬೀಜ ತಿನ್ನುವಂತಿಲ್ಲ, ಎಷ್ಟು ಒಳಗೆ ಹೋಯಿತೆಂಬ ಅಂದಾಜೇ ಸಿಗುವುದಿಲ್ಲ. ಗುಳಿಗೆ ಶುರುವಾಗಿ ಕೆಲವು ವಾರಗಳಿಗೆ ಅಜ್ಜನ ಮುಖ ತುಸು ಸಡಿಲಾಯಿತು. ಒಂದು ಮಧ್ಯಾಹ್ನ ಹುಬ್ಬು ಗಂಟಿಕ್ಕಿ, ಪಲ್ಯ ಉಪ್ಪಾಗಿದೆ ಎಂದು ಬೈದ. ಅಜ್ಜಿ ಅದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಆದರೆ ಗುಳಿಗೆ ಡೋಪಮೈನಿನ ಕೊರತೆ ತುಂಬುತ್ತದೆಯೇ ಹೊರತು ಹೆಪ್ಪಾಗುವುದನ್ನು ನಿಲ್ಲಿಸುವುದಿಲ್ಲ. ವರ್ಷ ಕಳೆದಂತೆ ಮುಖ ಮತ್ತೆ ಗಟ್ಟಿಯಾಯಿತು. ಅಜ್ಜ 2021ರಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಅಜ್ಜಿ ಆ ಕಲ್ಲುಮುಖದ ಎದುರು ಕೂತು ಊರ ಸುದ್ದಿಯೆಲ್ಲ ಹೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿರಲಿಲ್ಲ. ಮೊದಲಿನ ನಾಲ್ಕು ವರ್ಷ ಅವರ ನಡುವೆ ಇಲ್ಲದ ಮಾತು ಆಮೇಲಿನ ಐದು ವರ್ಷ ಇತ್ತು.

ಈಗ ಹೆಪ್ಪನ್ನೇ ಪರೀಕ್ಷೆ ಮಾಡಿಕೊಳ್ಳುವ ವಿಧಾನವಿದೆ. ಬೆನ್ನುಹುರಿಯ ಸುತ್ತಲಿನ ದ್ರವವನ್ನು ಒಂದಿಷ್ಟು ತೆಗೆದು ಒಳ್ಳೆಯ ಪ್ರೋಟೀನಿಗೆ ಸೇರಿಸಿ ನೋಡುವುದು. ಅದು ಗಂಟುಕಟ್ಟಿದರೆ ದ್ರವದಲ್ಲಿ ಹೆಪ್ಪಿದೆ ಎಂದರ್ಥ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದು ಸುಮಾರು 88% ಪಾರ್ಕಿನ್ಸನ್ ರೋಗಿಗಳನ್ನು ಸರಿಯಾಗಿ ಗುರುತಿಸಿತು. ವಾಸನಾಶಕ್ತಿ ಕುಂದಿದವರಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ನಡುಕಕ್ಕೂ ಮೊದಲೇ ರೋಗ ಹಿಡಿಯುವ ದಾರಿ ತೆರೆದಿದೆ. ಹಿಡಿದ ಮೇಲೆ ನಿಲ್ಲಿಸುವ ಔಷಧ ಮಾತ್ರ ಇನ್ನೂ ಇಲ್ಲ.

ಇದನ್ನೆಲ್ಲ ಕೇಳಿ ಅವ್ವ, "ಹಂಗಾರ ನಾ ಮಾಡಿಸ್ಲೇನು?" ಎಂದಳು. ಬಹುಪಾಲು ಜನರಲ್ಲಿ ಇದು ತಂದೆಯಿಂದ ಮಗಳಿಗೆ ನೇರವಾಗಿ ಬರುವುದಿಲ್ಲ, ಅಪಾಯ ತುಸು ಹೆಚ್ಚು ಅಷ್ಟೆ ಎಂದೆ. ಬೆನ್ನಿಗೆ ಸೂಜಿ ಚುಚ್ಚಬೇಕು, ಗೊತ್ತಾದರೂ ತಡೆಯುವ ಮದ್ದಿಲ್ಲ ಎಂದೂ ಹೇಳಿದೆ. ಅವ್ವ ಸ್ವಲ್ಪ ಯೋಚಿಸಿದಳು.

"ಹಂಗಾರ ಸೂಜಿ ಬ್ಯಾಡ. ಆದ್ರ ಮುಂದ ಒಂದಿನ ನಾ ಮಾರಿ ಬಿಗಕೊಂಡು ಕುಂತ್ರ, ಅದು ಸಿಟ್ಟಲ್ಲ ಅಂತ ನಿಮ್ಮಪ್ಪಗ ಈಗ ಹೇಳಿ ಇಡು."

ಹೇಳಿದ್ದೇನೆ.