ಅರವತ್ತನಾಲ್ಕು ಮಾತ್ರೆ

ಕನ್ನಡದಲ್ಲಿ ಎಂ.ಎ. ಮಾಡಿದವನು ಸರ್ವರ್ ಯಂತ್ರದ ಹೊಟ್ಟೆಯೊಳಗೆ ಇಣುಕುತ್ತಿದ್ದಾನೆಂದರೆ ತುಮಕೂರಿನ ನಮ್ಮ ಕಾಲೇಜಿನ ಸಹೋದ್ಯೋಗಿಗಳು ನಗದೆ ಇರುವರೆ? ಆದರೆ ಆ ಯಂತ್ರದಲ್ಲಿದ್ದುದು ನಮ್ಮ ವಿಭಾಗದ ಜೀವ. ಗುಬ್ಬಿ, ಕುಣಿಗಲ್ ಸೀಮೆಯ ಮನೆಗಳಲ್ಲಿ ಕಾಡಿ ಬೇಡಿ, ಅಟ್ಟದಿಂದ ಇಳಿಸಿದ ತಾಳೆಯೋಲೆಗಳ ಛಾಯಾಚಿತ್ರಗಳು ಅಲ್ಲಿದ್ದವು. ನಾಟಕದ ವೀರಣ್ಣನವರಿಂದಷ್ಟೇ ಗುಬ್ಬಿಗೆ ಹೆಸರು ಬಂದುದಲ್ಲ. ೧೬ನೆಯ ಶತಮಾನದಲ್ಲಿಯೇ ಮಲ್ಲಣಾರ್ಯ ಕಾವ್ಯ ಬರೆದ ಊರು ಅದು. ಯಂತ್ರವೋ, ಕೆಲವು ದಿನಗಳಿಂದ ಚಿತ್ರಗಳನ್ನು ಬರೆದುಕೊಳ್ಳುತ್ತಿರುವಾಗಲೇ ಸಮಾಧಿಸ್ಥವಾಗತೊಡಗಿತ್ತು.

ರೋಗ ನೋಡಲು ಬಂದವನು ನನ್ನ ಹಳೆಯ ಶಿಷ್ಯ, ಗುಬ್ಬಿಯ ಹುಡುಗ. ಮುಚ್ಚಳ ತೆಗೆದು, ಗೇಣಿಗಿಂತ ಚಿಕ್ಕದಾದ ಹಸಿರು ಪಟ್ಟಿಯೊಂದನ್ನು ಎತ್ತಿ ಹಿಡಿದು, "ಇದೇ ಸಾರ್, ಮೆಮೊರಿ" ಎಂದ. ನೋಡಿದರೆ ತಾಳೆಗರಿಯ ತುಂಡೇ! ಅಂಚಿನಲ್ಲಿ ೨೮೮ ಲೋಹದ ಹಲ್ಲುಗಳು. ಡಿಸ್ಕೆಂಬುದು ಅಟ್ಟದ ಮೇಲಿನ ಕಟ್ಟಾದರೆ ಇದು ಓದುವಾಗ ಮುಂದಿರುವ ವ್ಯಾಸಪೀಠ. ವಿದ್ಯುತ್ತು ಹೋದೊಡನೆ ಬರಿದು.

"ಒಂದು ಸಲಕ್ಕೆ ೬೪ ಬಿಟ್ಟುಗಳು ಹೋಗಿಬರುತ್ತವೆ ಸಾರ್. ಅವುಗಳ ಕಾವಲಿಗೆ ಇನ್ನೂ ೮."

ಅರವತ್ತನಾಲ್ಕು! ಕಂದಪದ್ಯಕ್ಕೂ ಅಷ್ಟೇ ಮಾತ್ರೆಗಳಲ್ಲವೆ: ೧೨, ೨೦, ೧೨, ೨೦? ಸಂಖ್ಯೆ ಕೂಡಿದುದು ಕಾಕತಾಳೀಯವೇ ಸರಿ. ಕಾವಲಿನ ಮಾತು ಹಾಗಲ್ಲ. ಲಿಪಿಕಾರನ ಕೈ ಜಾರಿ ಗುರುವೊಂದು ಲಘುವಾದರೆ ಮಾತ್ರೆಯ ಲೆಕ್ಕ ಅದನ್ನು ಹಿಡಿದುಕೊಡುತ್ತದೆ. ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಕೆಟ್ಟರಂತೂ ತಪ್ಪು ಎಲ್ಲಿದೆ, ಅಲ್ಲಿದ್ದ ವ್ಯಂಜನ ಯಾವುದು ಎರಡೂ ಹೊಳೆಯುತ್ತವೆ. ೧೯೫೦ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ಉಪಾಯವೂ ಇದೇ ಜಾತಿಯದು. ಅದರ ಬಲದಿಂದ ಒಂದು ಬಿಟ್ಟು ಮಗುಚಿದರೆ ಯಂತ್ರ ತಾನೇ ತಿದ್ದಿಕೊಳ್ಳುತ್ತದೆ. ಎರಡು ಮಗುಚಿದರೆ ತಿದ್ದಲಾರದೆ, ತಪ್ಪಿದೆಯೆಂದು ಸಾರಿ ನಿಂತುಬಿಡುತ್ತದೆ. ನಿಲ್ಲುವುದೇ ಸಭ್ಯತೆ. ಪಾಠ ತಿಳಿಯದೆ ತೋಚಿದ್ದನ್ನು ಗೀಚಿ ಮುಂದುವರಿದ ಲಿಪಿಕಾರರು ನನ್ನ ಎಷ್ಟು ರಾತ್ರಿಗಳನ್ನು ಕೊಂದಿಲ್ಲ!

ಯಂತ್ರದ ದಿನಚರಿಯಲ್ಲಿ ಒಂದೇ ಮನೆಯ ತಿದ್ದುಪಡಿಗಳು ದಿನೇ ದಿನೇ ಹೆಚ್ಚಿದ್ದವು. ದೋಷ ಪಟ್ಟಿಯದೋ, ಅದು ಕುಳಿತ ಮನೆಯದೋ? ಹುಡುಗ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿ ಕಾದ. ದೋಷ ಪಟ್ಟಿಯನ್ನೇ ಹಿಂಬಾಲಿಸಿತು. ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು ನಾವು ಮಾಡುವ ಗ್ರಂಥಸಂಪಾದನೆಯೂ ಇದೇ ಅಲ್ಲವೆ?

"ಲ್ಯಾಬಿನ ಕಂಪ್ಯೂಟರಿನದೊಂದನ್ನು ಕಿತ್ತು ಹಾಕಿದರಾಯಿತಪ್ಪ" ಎಂದರು ಕಚೇರಿಯ ಹಿರಿಯ ಗುಮಾಸ್ತರು.

"ಕೂರುತ್ತದೆ ಸಾರ್, ಯಂತ್ರ ಏಳುವುದಿಲ್ಲ. ಇದು ರಿಜಿಸ್ಟರ್ಡ್ ಜಾತಿ, ಬೆರಕೆ ಸಹಿಸದು."

ಹೊಸ ಪಟ್ಟಿ ಬಂದ ಮೇಲೆ ಇನ್ನೊಂದು ವಕ್ರವೂ ನೇರವಾಯಿತು. ಪ್ರೊಸೆಸರಿನಿಂದ ಮೆಮೊರಿಗೆ ನಾಲ್ಕು ದಾರಿ, ದಾರಿಗೆ ಎರಡು ಮನೆ. ಹಿಂದೆ ಯಾರೋ ನಾಲ್ಕೂ ಪಟ್ಟಿಗಳನ್ನು ಎರಡೇ ದಾರಿಗಳಲ್ಲಿ ತುರುಕಿದ್ದರು. ಮುಚ್ಚಳದ ಒಳಗಿನ ನಕ್ಷೆಯಂತೆ ದಾರಿಗೊಂದನ್ನು ಕೂರಿಸಿದ ಮೇಲೆ ಚಿತ್ರಗಳು ಸರಸರನೆ ತೆರೆದವು.

ಎಲ್ಲವೂ ಅಲ್ಲ. ಯಂತ್ರ ನಿಂತ ಗಳಿಗೆಯಲ್ಲಿ ಬರೆಯುತ್ತಿದ್ದ ಮೂರು ಗರಿಗಳ ಚಿತ್ರಗಳು ಅರ್ಧಕ್ಕೇ ಬೂದಿಬಣ್ಣವಾಗಿದ್ದವು. ಕ್ಯಾಮೆರಾ ಎರವಿನದು, ಅದರಲ್ಲಿ ಈಗ ಯಾರದೋ ಮದುವೆಯ ಚಿತ್ರಗಳಿವೆ. ಕಟ್ಟು ಕುಣಿಗಲ್ ಕಡೆಯ ಒಂದು ಮನೆಯದು. ಅಂದೇ ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು, ಹುಳು ಹಿಡಿದಿತ್ತು. ಭಾನುವಾರದ ಮೊದಲ ಬಸ್ಸಿಗೆ ಹೊರಡುವುದೆಂದಾಗಿದೆ. ಮನೆಯ ಹಿರಿಯರು ಕಟ್ಟನ್ನು ಅಟ್ಟಕ್ಕೆ ಏರಿಸದೆ ದೇವರ ಕೋಣೆಯಲ್ಲಿಯೇ ಇಟ್ಟಿದ್ದಾರಂತೆ.