ಗಂಟೆಗೆ ಎಂಬತ್ತು ಪಿಕ್ಸೆಲ್

ಬೆಂಗಳೂರಿಂದ ಬಂದ ಅಕ್ಕನ ಮಗ ಲ್ಯಾಪ್‌ಟಾಪ್ ತೆರೆದು, "ನೋಡು ಮಾವ, ಎಂಗದ!" ಅಂದ. ವಾಲ್‌ಪೇಪರಿನಲ್ಲಿ ಹೊಗೇನಕಲ್ ಧುಮ್ಮಿಕ್ಕುತ್ತಿತ್ತು. ಚೆನ್ನಾಗಿಯೇ ಇತ್ತು. ಆದರೆ ಹದಿನೈದು ಸೆಕೆಂಡಿಗೊಮ್ಮೆ ಅದೇ ತೆಪ್ಪ ಬಂಡೆಯ ಹತ್ತಿರ ಮಾಯವಾಗಿ ಮತ್ತೆ ಎಡದಿಂದ ಹುಟ್ಟಿ ಬರುತ್ತಿತ್ತು. ನಮ್ಮೂರು ಕೌದಳ್ಳಿಯಲ್ಲಿ ಕರೆಂಟು ಹೋಗಿತ್ತು, ಬ್ಯಾಟರಿಯನ್ನೆಲ್ಲ ಆ ಜಲಪಾತವೇ ಕುಡಿಯುತ್ತಿತ್ತು.

ಎಕ್ಸ್‌ವಿನ್‌ರ‍್ಯಾಪ್ ಒಳಗೆ ಎಂಪಿವಿ ಪ್ಲೇಯರ್ ಕೂರಿಸಿ ವಿಡಿಯೊವನ್ನೇ ವಾಲ್‌ಪೇಪರ್ ಮಾಡುವುದು ಯಾರಿಗೆ ಬರುವುದಿಲ್ಲ? ಡೆಸ್ಕ್‌ಟಾಪಿನ ಹಿಂದೆ ಯಾವ ಪ್ರೋಗ್ರಾಮನ್ನು ಬೇಕಾದರೂ ಓಡಿಸುವ ಭಾಗ್ಯ ಲಿನಕ್ಸ್‌ನಲ್ಲಿದೆ. ಅದನ್ನು ಬಿಟ್ಟು ವಿಡಿಯೊ ಸುತ್ತಿಸುತ್ತ ಕೂರುತ್ತಾರಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಎಚ್‌ಟಾಪ್ ಎಂಬ ಸಿಪಿಯು-ಮಾಪಕವನ್ನು ಹಿನ್ನೆಲೆಗೆ ಹಾಕಿಕೊಳ್ಳುವವರದ್ದು ಇನ್ನೊಂದು ಜಾತಿ: ಸಿಪಿಯು ತಿನ್ನುತ್ತಿರುವುದು ತಮ್ಮ ವಾಲ್‌ಪೇಪರೇ ಎಂಬುದನ್ನು ಅದೇ ವಾಲ್‌ಪೇಪರಿನಲ್ಲಿ ನೋಡಿ ಆನಂದಿಸುತ್ತಾರೆ.

ನನ್ನದು ಭೂಮಿಯ ಹಗಲು-ರಾತ್ರಿ ತೋರಿಸುವ ಎಕ್ಸ್‌ಪ್ಲಾನೆಟ್. ಓಪನ್‌ಬಾಕ್ಸ್ ಎಂಬ ವಿಂಡೋ ಮ್ಯಾನೇಜರಿನಲ್ಲಿ ಎಲ್ಲ ಕಿಟಕಿಗಳ ಹಿಂದಿನ ರೂಟ್ ವಿಂಡೋ ಬಯಲಾಗಿಯೇ ಇರುವುದರಿಂದ ಅದರ ಮೇಲೆ ನೇರವಾಗಿ ಭೂಪಟ ಬರೆಯುತ್ತದೆ, ಎಕ್ಸ್‌ವಿನ್‌ರ‍್ಯಾಪ್ ಸಹ ಬೇಡ. ರೆಕ್ಟ್ಯಾಂಗ್ಯುಲರ್ ಪ್ರೊಜೆಕ್ಷನ್, ನಡುವಿಗೆ 77 ಡಿಗ್ರಿ ಪೂರ್ವ ರೇಖಾಂಶ, 12 ಡಿಗ್ರಿ ಉತ್ತರದ ಹತ್ತಿರ ನಮ್ಮೂರಿಗೊಂದು ಚುಕ್ಕೆ. ಪರದೆಯ ಅಗಲ 1920 ಪಿಕ್ಸೆಲ್, ಭೂಮಿಯದ್ದು 360 ಡಿಗ್ರಿ. ಗಂಟೆಗೆ 15 ಡಿಗ್ರಿ ಲೆಕ್ಕದಲ್ಲಿ ಕತ್ತಲಿನ ಅಂಚು ಗಂಟೆಗೆ 80 ಪಿಕ್ಸೆಲ್ ಪಡುವಣಕ್ಕೆ ಸರಿಯುತ್ತದೆ. ದಿಟ್ಟಿಸಿ ಕೂತರೆ ಅಲುಗಾಡಿದ್ದೇ ತಿಳಿಯದು. ಒಂದು ಕಾಫಿ ಕುಡಿದು ಬಂದರೆ ಜಪಾನ್ ಮುಳುಗಿರುತ್ತದೆ. ಮಾರ್ಚ್, ಸೆಪ್ಟೆಂಬರಿನ ವಿಷುವದ ದಿನ ಆ ಗೆರೆ ನೆಟ್ಟಗೆ ನಿಲ್ಲುತ್ತದೆ, ಡಿಸೆಂಬರಿನಲ್ಲಿ ಬಳುಕುತ್ತದೆ, ದಕ್ಷಿಣ ಧ್ರುವಕ್ಕೆ ರಾತ್ರಿಯೇ ಇರುವುದಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗುವ ನಮ್ಮೂರ ರಸ್ತೆಯ ಹಾಗೆ ಇದೂ ಯಾರೂ ನೋಡದಿದ್ದರೂ ತನ್ನಷ್ಟಕ್ಕೆ ಸಾಗುತ್ತಿರುತ್ತದೆ.

ಅವಸರದವರಿಗೆ ಎಕ್ಸ್‌ಸ್ಕ್ರೀನ್‌ಸೇವರ್ ಇದೆ. ಜೇಮಿ ಜವಿನ್ಸ್ಕಿ 1992ರಲ್ಲಿ ಬಿಟ್ಟದ್ದು. ಅದರ ಚಿತ್ರಗಳಿಗೆ 'ರೂಟ್' ಎಂಬ ಆಯ್ಕೆ ಕೊಟ್ಟರೆ ಅವೂ ರೂಟ್ ವಿಂಡೋದಲ್ಲೇ ಕುಣಿಯುತ್ತವೆ.

ಇಷ್ಟೆಲ್ಲ ಆಗುವುದು ರೂಟ್ ವಿಂಡೋ ಎಲ್ಲರ ಕೈಗೂ ಸಿಗುವುದರಿಂದ. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವ್ಯವಸ್ಥೆ ಹುಟ್ಟಿದ್ದು 1984ರಲ್ಲಿ, ಎಂಐಟಿಯಲ್ಲಿ. ಅದರ ಜಗಲಿಯಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ಅದರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಆ ಜಗಲಿಯೇ ಇಲ್ಲ. ಸುರಕ್ಷತೆಯಂತೆ! ಪಕ್ಕದ ಪ್ರೋಗ್ರಾಮು ಕದ್ದು ನೋಡಬಾರದು, ಸರಿ, ಒಪ್ಪಿದೆ. ಆದರೆ ನನ್ನದೇ ಯಂತ್ರದಲ್ಲಿ ನನ್ನದೇ ಭೂಮಿಯನ್ನು ಹಿಂದೆ ಹರಡಲು ಪರದೆಯನ್ನು ಜೋಡಿಸುವ ಕಾಂಪೊಸಿಟರಿನ ಅಪ್ಪಣೆ ಕೇಳಬೇಕೆ? ಇಂಥ ಕೆಲಸಗಳಿಗೆಂದು ಲೇಯರ್ ಶೆಲ್ ಎಂಬ ಪ್ರೊಟೊಕಾಲ್ ಬಂತು. ಡೆಸ್ಕ್‌ಟಾಪುಗಳಲ್ಲಿ ಸ್ವೇ ಒಪ್ಪಿತು, ಕೆಡಿಇ ಒಪ್ಪಿತು. ಗ್ನೋಮ್ ಮಾತ್ರ ಒಪ್ಪಲಿಲ್ಲ. ಅಲ್ಲಿ ಎಕ್ಸ್‌ಟೆನ್ಷನ್ ಹುಡುಕಬೇಕು, ಹೊಸ ಆವೃತ್ತಿ ಬಂದಾಗ ಅದು ಮುರಿದರೆ ಇನ್ನೊಂದು ಹುಡುಕಬೇಕು.

ಹೊಸ ಯಂತ್ರಕ್ಕೆ ಲಿನಕ್ಸ್ ಹಾಕುವವರಿದ್ದರೆ ಸ್ವೇ ಅಥವಾ ಕೆಡಿಇ ಹಾಕಿಕೊಳ್ಳಿ. ಜಲಪಾತದ ವಿಡಿಯೊ ದಯವಿಟ್ಟು ಬೇಡ. ಹೊಗೇನಕಲ್ ಇಲ್ಲೇ ಹತ್ತಿರದಲ್ಲಿದೆ, ಹೋಗಿ ನೋಡಿ ಬನ್ನಿ.