ಜೋಡೆತ್ತು

ಹಾನಗಲ್ಲ ಸೀಮೆಯ ನಮ್ಮೂರಿನಿಂದ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೊರಡುವ ಕೊಲ್ಲಾರಿ ಬಂಡಿಯೆಂದರೆ ಚಲಿಸುವ ಮನೆಯೇ. ಕಮಾನಿಗೆ ಚಾಪೆ, ಒಳಗೆ ಹುಲ್ಲುಹಾಸು, ರೊಟ್ಟಿಯ ಗಂಟು, ನೀರಿನ ಕೊಡ, ಕಂದೀಲು. ಅಚ್ಚಿಗೆ ಕೀಲೆಣ್ಣೆ, ಎತ್ತುಗಳ ಗೊರಸಿಗೆ ಲಾಳ.

1970ರಲ್ಲಿ ಅಪ್ಪ, ಸವಣೂರು ಕಡೆಯ ಸಮತಟ್ಟು ಎರೆನೆಲದಲ್ಲಿ ಬೆಳೆದ ಕಿಲಾರಿ ಹೋರಿಯೊಂದರ ಮೈಕಟ್ಟಿಗೆ ಮರುಳಾಗಿ, ಅದನ್ನು ತಂದು ನಮ್ಮ ಮುದಿಯೆತ್ತಿನ ಜೊತೆ ಹೂಡಿದರು.

“ಎಳಿಯೂದಷ್ಟ ನೋಡೀದಿ ತಮ್ಮಾ, ತಡಿಯೂದು ನೋಡಲಿಲ್ಲ” ಎಂದರು ಅಜ್ಜ.

ಶಿಗ್ಗಾವಿಯ ಹಾದಿಯ ಇಳಿಜಾರಿನಲ್ಲಿ ತುಂಬಿದ ಬಂಡಿ ಹಿಂದಿನಿಂದ ನೂಕಿತು. ಹೋರಿ ಬೆದರಿ ಓಡತೊಡಗಿತು. ಮುದಿಯೆತ್ತು ಮಾತ್ರ ಕಾಲೂರಿ ಭಾರವನ್ನು ತಡೆಯಿತು. ಬಂಡಿ ಬದುವಿನತ್ತ ಹೊರಳಿ ನಿಂತಿತು. ಒಳಗಿದ್ದ ಅವ್ವ, ತಂಗಿ, ನಾನು ಉಳಿದೆವು. ಅಪ್ಪ ಮಾತಾಡದೆ ಆ ಎತ್ತಿನ ಕೊರಳು ನೇವರಿಸಿದರು.

ಇಂದು ಹೊಸ ವಾಹನ ಕೊಂಡು ತೋರಿಸಲು ಬರುವ ಶಿಷ್ಯರು ಅದರ ವೇಗವನ್ನು ವರ್ಣಿಸುತ್ತಾರೆ. ನಾನು ಕೇಳುವುದೊಂದೇ: “ತುಂಬಿದಾಗ ನಿಲ್ಲಬಲ್ಲುದೆ?”